ಬೀಗದ ಕೈ

ಮೈಸೂರು ಸೀಮೆಯವರಾದ ನಾವು 'ಬೀಗದ ಕೈ' ಎನ್ನುತ್ತೇವೆ; ಧಾರವಾಡದ ಕಡೆಯವರು 'ಕೀಲಿ ಕೈ' ಎನ್ನುತ್ತಾರೆ. ಬೀಗವೋ ಕೀಲಿಯೋ, ಎರಡು ಮಾತಿನಲ್ಲಿಯೂ ಒಂದು 'ಕೈ' ಇದೆ ಎಂಬುದನ್ನು 72 ವರ್ಷ ತುಂಬುವವರೆಗೆ ನಾನು ಗಮನಿಸಿದವನಲ್ಲ. ಗಮನಿಸುವಂತೆ ಮಾಡಿದ್ದು ಕಬ್ಬಿಣದ ಕೈಯಲ್ಲ, ಕಾಗದದ ಮೇಲಿನ ಕೈ.

ಬನಶಂಕರಿ ಎರಡನೆಯ ಹಂತದಲ್ಲಿರುವ ನಮ್ಮ ಮನೆಯಲ್ಲಿ ಬೀಗದ ಕೈಗಳ ಆಡಳಿತವೆಲ್ಲ ನನ್ನ ಮನೆಯಾಕೆಯದಾಗಿತ್ತು. ಬಾಗಿಲ ಹಿಂದಿನ ಮೊಳೆಗಳಲ್ಲಿ ಯಾವುದರಲ್ಲಿ ಯಾವುದು ತೂಗಬೇಕೆಂಬುದು ಆಕೆಗೆ ಮಾತ್ರ ಗೊತ್ತು. ಕಳೆಯುವ ಕೆಲಸ ನನ್ನದು, ಹುಡುಕುವ ಕೆಲಸ ಆಕೆಯದು. ಸಂಸಾರವೆಂಬ ಬಂಡಿಗೆ ಹೀಗೆ ಎರಡು ಗಾಲಿ.

1998ರ ವಿಜಯದಶಮಿಯಂದು ನಮ್ಮ ಮುಂಗೋಣೆಗೆ ಒಂದು ಗಣಕಯಂತ್ರ ಬಂದಿತು. ಮದುವೆಯ ಕರೆಯೋಲೆ, ಉಪನಯನದ ಆಹ್ವಾನ, ಸಂಘಗಳ ವಾರ್ಷಿಕ ವರದಿ ಮೊದಲಾದವುಗಳನ್ನು ಅಕ್ಷರ ಜೋಡಿಸಿ ಕೊಡುವ ಚಿಕ್ಕ ಉದ್ಯಮವನ್ನು ಆಕೆ ಆರಂಭಿಸಿದಳು. ಯಂತ್ರದೊಡನೆ ತಂತ್ರಾಂಶಗಳ ತಟ್ಟೆಗಳೂ ಬಂದವು. ಅವುಗಳನ್ನು ಯಂತ್ರಕ್ಕೆ ಉಣಿಸುವಾಗ ಅದು ಮೊದಲು ಒಂದು ಪ್ರಶ್ನೆ ಕೇಳುತ್ತದೆ: 'ನಿನ್ನ ಬೀಗದ ಕೈ ಎಲ್ಲಿ?' ಅದು ಕೇಳುವ ಕೈ ಮೊಳೆಗೆ ತೂಗುವಂಥದಲ್ಲ. ಪೆಟ್ಟಿಗೆಯ ಮೇಲೋ ಪುಸ್ತಿಕೆಯ ಮೇಲೋ ಅಚ್ಚಾಗಿರುವ ಅಕ್ಷರ ಅಂಕೆಗಳ ಒಂದು ಸಾಲು. ಆ ಸಾಲು ಕಳೆದರೆ ತಟ್ಟೆ ಲೋಟದ ಅಡಿಗಿಡಲು ಮಾತ್ರ ಯೋಗ್ಯ.

ಈ ಕೈಗಳಿಗೂ ಒಂದು ಇತಿಹಾಸವುಂಟು. ವಿಂಡೋಸ್ 95ರ ತಟ್ಟೆಯನ್ನು ಅಂಗಡಿಯಲ್ಲಿ ಕೊಂಡವರಿಗೆ 10 ಅಂಕೆಗಳ ಸಾಲು ದೊರೆಯುತ್ತಿತ್ತು. ಅದರ ಕೊನೆಯ 7 ಅಂಕೆಗಳನ್ನು ಕೂಡಿದ ಮೊತ್ತ 7ರಿಂದ ಶೇಷವಿಲ್ಲದೆ ಭಾಗವಾಗುತ್ತದೆಯೆ ಎಂಬುದೇ ಯಂತ್ರದ ಮುಖ್ಯ ಪರೀಕ್ಷೆ. ಹಿತ್ತಿಲ ಬಾಗಿಲಿಗೆ ದಾರ ಕಟ್ಟಿದಷ್ಟೇ ಭದ್ರವೆನ್ನಬಹುದು. ವಿಂಡೋಸ್ 98ರ ಹೊತ್ತಿಗೆ ಕಾವಲು ಬಿಗಿಯಾಯಿತು: ಐದೈದರ ಐದು ಗುಂಪು, ಒಟ್ಟು 25 ಸ್ಥಾನ. ಅದಕ್ಕೆ ಬಳಸುವ ಸಂಕೇತಗಳು 24 ಮಾತ್ರ. ಇಂಗ್ಲಿಷಿನ ಐದು ಸ್ವರಗಳಿಗೂ ಅಲ್ಲಿ ಪ್ರವೇಶವಿಲ್ಲ. ಅಕ್ಷರಗಳೆಂದು ಭ್ರಮೆ ಹುಟ್ಟಿಸುವ ಸೊನ್ನೆ, ಒಂದು, ಐದು ಎಂಬ ಅಂಕೆಗಳೂ ಇಲ್ಲ.

2001ರ ಮಳೆಗಾಲದಲ್ಲಿ ತೀರ್ಥಹಳ್ಳಿಯಿಂದ ನಮ್ಮ ಅತ್ತೆಯವರು ಬಂದು ಎರಡು ತಿಂಗಳು ನಮ್ಮಲ್ಲಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಅವರು ಹಸೆಯ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡುಗಳನ್ನು ಮೆಲ್ಲನೆ ಹೇಳುವರು. ಮಗಳು ಯಂತ್ರದ ಮುಂದೆ ಕುಳಿತು ಜೋಡಿಸುವಳು. ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ನಿದ್ರಿಸುತ್ತಿದ್ದೆ. ಒಟ್ಟು 43 ಹಾಡುಗಳಾದವು. ಮರುವರ್ಷ ಅತ್ತೆಯವರು ತೀರಿಕೊಂಡರು. ಇನ್ನೂ ಕೆಲವು ಸೇರಿಸಿ ಅಚ್ಚು ಹಾಕಿಸಬೇಕೆಂದು ನನ್ನಾಕೆ ಹೇಳುತ್ತಲೇ ಇದ್ದಳು. ಸೇರಿಸಲು ಹೇಳುವ ಬಾಯಿ ಇರಲಿಲ್ಲ. ಉದ್ಯಮ ನಿಂತು, ಯಂತ್ರ ಅಟ್ಟ ಸೇರಿತು. 2019ರಲ್ಲಿ ಆಕೆಯೂ ಹೊರಟುಹೋದಳು.

ಮೊನ್ನೆ ಮೊಮ್ಮಗಳ ಮದುವೆ ನಿಶ್ಚಯವಾದಾಗ, ಹಸೆಗೆ ಕರೆಯುವಾಗ ಮುತ್ತಜ್ಜಿಯ ಹಾಡು ಬೇಕೆಂದು ಅವಳು ಹಟ ಹಿಡಿದಳು. ಅಟ್ಟದಿಂದ ಬಿಸ್ಕತ್ತಿನ ಡಬ್ಬಿ ಇಳಿಯಿತು. ಹಳೆಯ ಹತ್ತಿಯ ಸೀರೆಯ ತುಂಡಿನಲ್ಲಿ ಸುತ್ತಿದ ತಟ್ಟೆಗಳಲ್ಲಿ ಒಂದರ ಮೇಲೆ 'ಅಮ್ಮನ ಹಾಡು' ಎಂದಿತ್ತು. ಮನೆಯಲ್ಲಿ ಬರೆದುಕೊಂಡ ಇಂಥ ತಟ್ಟೆಗಳಲ್ಲಿ ಬರಹವನ್ನು ಹಿಡಿದಿಡುವುದು ಒಂದು ತೆಳುವಾದ ಬಣ್ಣದ ಲೇಪ. ಬೆಳಕು ಬಿಸಿಗಳಿಗೆ ಅದು ಕೆಡುತ್ತದೆ. ಸೀರೆಯ ತುಂಡು ಅದನ್ನು ಕಾಪಾಡಿತ್ತು. ಆದರೆ ಅದರೊಳಗಿನ ಕಡತ ಹೊಸ ಯಂತ್ರಕ್ಕೆ ಅರ್ಥವಾಗಲಿಲ್ಲ. ಅದನ್ನು ತೆರೆಯಬಲ್ಲ ಪುಟ ಜೋಡಿಸುವ ತಂತ್ರಾಂಶ ಹಳೆಯದು. ಅದಕ್ಕೆ ಹಳೆಯ ಯಂತ್ರವೇ ಆಗಬೇಕು. ಹಳೆಯ ಯಂತ್ರದ ಸ್ಮರಣೆಯ ತಟ್ಟೆ ತುಕ್ಕು ಹಿಡಿದು ನಿಂತಿತ್ತು. ಎಸ್. ಪಿ. ರಸ್ತೆಯ ಅಂಗಡಿಗಳನ್ನು ಸುತ್ತಿ, ಯಾರೋ ಬಳಸಿ ಬಿಟ್ಟ ಒಂದನ್ನು ತಂದು ಕೂಡಿಸಿದೆವು. ವಿಂಡೋಸ್ 98ರ ತಟ್ಟೆಯನ್ನು ಹಾಕಿದ ಕೂಡಲೇ ಯಂತ್ರ ತನ್ನ ಹಳೆಯ ಪ್ರಶ್ನೆಯನ್ನು ಮರೆಯದೆ ಕೇಳಿತು.

ಪುಟ ಜೋಡಿಸುವ ತಂತ್ರಾಂಶದ ಕೈ ಅದರ ಪೆಟ್ಟಿಗೆಯ ಮೇಲೆ ಸುರಕ್ಷಿತವಾಗಿತ್ತು. ವಿಂಡೋಸಿನ ಕೈ ಇದ್ದ ಪುಸ್ತಿಕೆಯನ್ನು ಮಾತ್ರ ಗೆದ್ದಲು ಅರ್ಧ ತಿಂದು ಮುಗಿಸಿತ್ತು. 43 ಹಾಡುಗಳ ಬಾಗಿಲನ್ನು ಕಾಯುತ್ತಿದ್ದ ಕೈಯಲ್ಲಿ ಒಂದು ಸ್ವರವೂ ಇರಲಿಲ್ಲ. ಈಗ ಕೈಯೇ ಇಲ್ಲವಾಯಿತು.

ನಾಲ್ಕು ದಿನ ಮನೆಯನ್ನು ಜಾಲಾಡಿದೆವು. ಐದನೆಯ ದಿನ ಮಂಗಳವಾರ. ರಾಹುಕಾಲದಲ್ಲಿ ಬನಶಂಕರಿಯಮ್ಮನ ಗುಡಿಯಲ್ಲಿ ನಿಂಬೆಯ ಹೋಳಿನ ದೀಪ ಹಚ್ಚಿ ಬಂದ ನೆರೆಮನೆಯಾಕೆ ನಮ್ಮ ಗೊಂದಲವನ್ನು ಕಂಡು, "ಅವರು ಏನು ಬರೆದರೂ ಪಂಚಾಂಗದಲ್ಲೇ ಅಲ್ಲವೇ ಬರೆಯುತ್ತಿದ್ದುದು?" ಎಂದರು. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಹಾಲಿನ ಲೆಕ್ಕ, ಅಗಸನ ಲೆಕ್ಕ, ಅನಿಲದ ಸಿಲಿಂಡರು ಬಂದ ದಿನ, ಎಲ್ಲವನ್ನೂ ಆಕೆ ಒಂಟಿಕೊಪ್ಪಲು ಪಂಚಾಂಗದ ಅಂಚಿನಲ್ಲಿ ಬರೆದಿಡುತ್ತಿದ್ದಳು. ಆ ಹಳೆಯ ಪಂಚಾಂಗಗಳನ್ನು ರದ್ದಿಗೆ ಹಾಕೋಣವೆಂದು ನಾನು ಪ್ರತಿ ಯುಗಾದಿಗೂ ಹೇಳುವುದು, ಆಕೆ ಬೇಡವೆನ್ನುವುದು ಪದ್ಧತಿಯಾಗಿತ್ತು. ನೆರೆಮನೆಯವರಿಗೆ ನೆನಪಿದ್ದದ್ದು ಗಂಡನಿಗೆ ನೆನಪಾಗಲಿಲ್ಲ.

ಬಹುಧಾನ್ಯ ಸಂವತ್ಸರದ ಪಂಚಾಂಗ, ಆಶ್ವಯುಜ ಮಾಸ, ವಿಜಯದಶಮಿಯ ಪುಟ. ಅಂಚಿನಲ್ಲಿ 'ಕಂಪ್ಯೂಟರಿನ ಬೀಗ' ಎಂದು ತಲೆಬರಹ. ಅದರಡಿಯಲ್ಲಿ ಐದೈದರ ಐದು ಗುಂಪು. ಮೊಮ್ಮಗಳು ಸಂತೋಷದಿಂದ ಒತ್ತುತ್ತಾ ಬಂದವಳು ನಡುವೆ ನಿಂತು, "ತಾತ, ಇದೇನು?" ಎಂದಳು. ಅಕ್ಷರಗಳು ಇಂಗ್ಲಿಷಿನವು, ಅಂಕೆಗಳು ಕನ್ನಡದವು! ಅಂಕೆಯೆಂದರೆ ಆಕೆಗೆ ಕನ್ನಡದ ಅಂಕೆಯೇ. ಒಂದನ್ನೊಂದು ಹೋಲುವ ಗುರುತುಗಳನ್ನು ಅಷ್ಟು ಎಚ್ಚರದಿಂದ ತೆಗೆದುಹಾಕಿದ್ದ ಸಾಗರದಾಚೆಯ ಮೇಧಾವಿಗಳು ತೀರ್ಥಹಳ್ಳಿಯ ಹೆಣ್ಣುಮಗಳೊಬ್ಬಳ ಅಭ್ಯಾಸವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಸರದಲ್ಲಿ ಬರೆದಾಗ ನಮ್ಮ ೬ ಮತ್ತು ೯ ಅವಳಿ ಮಕ್ಕಳಂತೆ. ಮೂರು ಕಡೆ ಈ ಸಂದೇಹ ಬಿದ್ದಿತು.

ಮೂರು ಕಡೆ ಎರಡೆರಡು ಪಾಠವೆಂದರೆ ಎಂಟು ಸಾಧ್ಯತೆಗಳು. ಒಂದೊಂದಾಗಿ ಒತ್ತಿ ನೋಡಿದರೆ ಮುಗಿಯಿತು ಎಂದಳು ಹುಡುಗಿ. ನಿಜ. ಆದರೆ ನನಗೇಕೋ ಊಹೆಯಿಂದ ತೆರೆಯಲು ಮನಸ್ಸು ಬರಲಿಲ್ಲ. ಅದೇ ಪುಟಗಳ ಹಾಲಿನ ಲೆಕ್ಕವನ್ನು ಮುಂದಿಟ್ಟುಕೊಂಡು ಕುಳಿತೆ. ೬ನೆಯ ತಾರೀಖು ಯಾವುದು, ೯ನೆಯದು ಯಾವುದು ಎಂಬುದರಲ್ಲಿ ಅಲ್ಲಿ ಸಂದೇಹವಿಲ್ಲ. ಐದರ ಮುಂದಿನದು ಒಂದು, ಎಂಟರ ಮುಂದಿನದು ಇನ್ನೊಂದು. ತಿಂಗಳ ಮೇಲೆ ತಿಂಗಳು ನೋಡುತ್ತ ಹೋದಾಗ ತಿಳಿಯಿತು: ೯ನ್ನು ಮುಗಿಸುವಾಗ ಆಕೆ ಲೇಖನಿಯನ್ನು ಒತ್ತಿ ಒಂದು ಚುಕ್ಕೆ ಉಳಿಸುತ್ತಿದ್ದಳು, ೬ರಲ್ಲಿ ಅದಿಲ್ಲ. ಹತ್ತಾರು ವರ್ಷ ಒಂದೇ ಮನೆಯಲ್ಲಿದ್ದು, ಆಕೆಯ ಕೈಯ ಅಡಿಗೆಯನ್ನು ಉಂಡು, ಆಕೆಯ ಕೈಬರಹವನ್ನು ನಾನು ಮೊದಲ ಬಾರಿಗೆ ಓದಿದ್ದು ಆ ಸಂಜೆ. ಒಂದರಲ್ಲಿ ೯, ಎರಡರಲ್ಲಿ ೬. ಯಂತ್ರ ಮರುಮಾತಾಡದೆ ಬಾಗಿಲು ತೆರೆಯಿತು.

ಆಮೇಲಿನದು ತಾಳ್ಮೆಯ ಕೆಲಸ. ಆ ಕಾಲದ ಕನ್ನಡ ಲಿಪಿಗಳು ಇಂಗ್ಲಿಷ್ ಅಕ್ಷರಗಳ ಪೀಠದಲ್ಲಿ ಕುಳಿತ ಬಾಡಿಗೆದಾರರು. ಆಯಾ ಲಿಪಿಯಿಲ್ಲದ ಯಂತ್ರದಲ್ಲಿ ಹಾಡು ಬರಿಯ ಗೊಗ್ಗರು ಅಕ್ಷರವಾಗುತ್ತದೆ. 1991ರ ಯುನಿಕೋಡ್ ಕನ್ನಡಕ್ಕೆ ಸ್ವಂತ ಮನೆ ಕೊಟ್ಟಿದ್ದರೂ, ಆ ಮನೆಗೆ ನಾವು ಒಕ್ಕಲಾದದ್ದು ಬಹಳ ತಡವಾಗಿ. ಕನ್ನಡ ಗಣಕ ಪರಿಷತ್ತಿನ 'ನುಡಿ', ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ 'ಬರಹ' ಮೊದಲಾದವುಗಳಲ್ಲಿ ಹಳೆಯದನ್ನು ಹೊಸದಾಗಿ ಮಾರ್ಪಡಿಸುವ ಸಾಧನಗಳಿವೆ. ಮಾರ್ಪಾಡಿನಲ್ಲಿ ಒತ್ತಕ್ಷರಗಳೂ ಅರ್ಕಾವತ್ತುಗಳೂ ಅಲ್ಲಲ್ಲಿ ಸ್ಥಾನ ತಪ್ಪಿದವು. ಮೂರು ವಾರ ಕುಳಿತು 43 ಹಾಡುಗಳನ್ನೂ ನಾನೇ ತಿದ್ದಿದೆ. ಪತ್ರಿಕೆಯ ಮರೆಯಲ್ಲಿ ನಿದ್ರಿಸಿ ಕಳೆದುಕೊಂಡಿದ್ದ ಆ ಮಧ್ಯಾಹ್ನಗಳು ಹೀಗೆ ನನಗೆ ಮರಳಿ ಸಿಕ್ಕವು. 17ನೆಯ ಹಾಡಿನ ಕೆಳಗೆ ಕಂಸದಲ್ಲಿ ಆಕೆ ಒಂದು ಟಿಪ್ಪಣಿ ಸೇರಿಸಿದ್ದಳು: 'ಇಲ್ಲಿ ಅಮ್ಮ ನಕ್ಕಳು, ಒಳಗೆ ಇವರ ಗೊರಕೆ.'

ಈಗಿನ ತಂತ್ರಾಂಶಗಳಲ್ಲಿ ಎಷ್ಟೋ ತಟ್ಟೆಯಿಲ್ಲದೆಯೇ ಬರುತ್ತವೆ. ತಿಂಗಳ ಬಾಡಿಗೆ ಕೊಟ್ಟು, ಗುಟ್ಟಿನ ಪದ ಹೇಳಿ ಒಳಹೊಗಬೇಕು. ಆ ಪದಗಳನ್ನು ನಾನು ಈ ವರ್ಷದ ಪಂಚಾಂಗದಲ್ಲಿ ಬರೆದಿಡಲು ಆರಂಭಿಸಿದ್ದೇನೆ. ಹಾಗೆ ಬರೆಯಬಾರದೆಂದು ಬಲ್ಲವರು ಹೇಳುತ್ತಾರೆ. ಇರಲಿ. ಅಂಕೆಗಳನ್ನು ಕನ್ನಡದಲ್ಲಿಯೇ ಬರೆದಿದ್ದೇನೆ. ೯ರ ಕೊನೆಯಲ್ಲಿ ಒಂದು ಚುಕ್ಕೆ ಇಡುವುದನ್ನೂ ರೂಢಿಸಿಕೊಂಡಿದ್ದೇನೆ. ಪಂಚಾಂಗ ಯಾವ ಮೊಳೆಗೆ ತೂಗುತ್ತಿದೆ ಎಂಬುದನ್ನು ಮೊಮ್ಮಗಳಿಗೆ ತೋರಿಸಿದ್ದೇನೆ.