ಬಚ್ಚಿಡದ ಲೆಕ್ಕ

ನಮ್ಮ ಮನೆಯ ಖರ್ಚಿನ ಪುಸ್ತಕ ಇರುವುದು ಬೀರುವಿನಲ್ಲಲ್ಲ, ಅಡುಗೆಮನೆಯ ಕಿಟಕಿಯ ಮೇಲೆ, ಉಪ್ಪಿನ ಡಬ್ಬಿಯ ಪಕ್ಕದಲ್ಲಿ. ಬಂದ ನೆಂಟರು, ಪಕ್ಕದ ಮನೆಯವರು, ಯಾರು ಬೇಕಾದರೂ ತೆಗೆದು ಓದಬಹುದು, ಓದುತ್ತಾರೆ ಕೂಡ. ನಮ್ಮ ಯಜಮಾನರ ಸಂಬಳ, ನನ್ನ ಹೊಲಿಗೆಯ ದುಡ್ಡು, ಬಾಡಿಗೆ, ಮಗಳ ಫೀಸು, ಅತ್ತೆಯವರ ಬಿ.ಪಿ. ಮಾತ್ರೆ, ಕೈಸಾಲ ಎಲ್ಲವೂ ಅದರಲ್ಲಿದೆ. ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಹೊಸತರಲ್ಲಿ ವಿನೋಬನಗರದ ಹಿರಿಯರೊಬ್ಬರು ಅದನ್ನು ಕಂಡು ಗಾಬರಿಯಾಗಿದ್ದರು. “ಮನೆಯ ದುಡ್ಡಿನ ಮಾತು ಹೊಸಿಲು ದಾಟಬಾರದು ಕಣಮ್ಮ, ದೃಷ್ಟಿಯಾಗುತ್ತೆ” ಎಂದರು. ಅವರ ಕಾಳಜಿ ನಿಜವಾದದ್ದೇ. ಆದರೆ ನಾನು ಬೆಳೆದ ಊರು ಭದ್ರಾವತಿ.

1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿದ, 1936ರಲ್ಲಿ ಕಾಗದದ ಕಾರ್ಖಾನೆ ಹುಟ್ಟಿದ ಊರು ಅದು. ಅಪ್ಪ ಕಾಗದದ ಕಾರ್ಖಾನೆಯವರು, ನಮ್ಮ ಮನೆ ಅದರ ಕ್ವಾರ್ಟರ್ಸಿದ್ದ ಪೇಪರ್‌ಟೌನಿನಲ್ಲಿ. ಯಾರ ಗ್ರೇಡು ಯಾವುದು, ಬೇಸಿಕ್ ಎಷ್ಟು, ಈ ಸಲ ಡಿ.ಎ. ಏರಿತೋ ಇಲ್ಲವೋ ಎಂಬುದು ಕ್ವಾರ್ಟರ್ಸಿನ ಮಕ್ಕಳಿಗೂ ಗೊತ್ತಿರುತ್ತಿತ್ತು. ಒಂದೇ ಅಳತೆಯ ಮನೆಗಳು, ಒಂದೇ ದಿನ ಸಂಬಳ, ಇನ್ನು ಮುಚ್ಚಿಡುವುದೇನು? ಸಂಬಳದ ಮಾರನೆಯ ದಿನ ಸಂಜೆ ಅಮ್ಮ ಮತ್ತು ಆಚೀಚೆ ಮನೆಯವರು ಜಗಲಿಯ ಮೇಲೆ ಕಾಲು ಚಾಚಿ ಕೂತು ತಿಂಗಳಿನ ಲೆಕ್ಕ ಬಿಚ್ಚುತ್ತಿದ್ದರು. ಕಿರಾಣಿ ಅಂಗಡಿಯ ಉದ್ರಿ ಎಷ್ಟು ತೀರಿತು, ಚೀಟಿ ಯಾರಿಗೆ ಬಿತ್ತು, ಎಣ್ಣೆ ತಿಂಗಳ ಕೊನೆಯವರೆಗೆ ಯಾರ ಮನೆಯಲ್ಲಿ ಬಂತು, ಅದು ಹೇಗೆ ಬಂತು! ನಮ್ಮ ಮನೆಯ ಎಷ್ಟೋ ಉಳಿತಾಯಗಳು ಆ ಜಗಲಿಯಲ್ಲಿ ಕಲಿತಂಥವು. ಹೀರೇಕಾಯಿ ಸಿಪ್ಪೆಯ ಚಟ್ನಿ, ಸೌತೆಕಾಯಿ ತಿರುಳಿನ ದೋಸೆ, ಹಿತ್ತಲ ಒಂದೆಲಗದ ತಂಬುಳಿ. ಇವು ಬಡತನದ ಅಡುಗೆಗಳಲ್ಲ. ತಂಬುಳಿ ಕಲಸಿದ ಬಿಸಿ ಅನ್ನದ ಜೊತೆ ಸುಟ್ಟ ಹಲಸಿನ ಹಪ್ಪಳ ಸಿಕ್ಕ ಮಳೆಗಾಲದ ಮಧ್ಯಾಹ್ನ ನಾನು ಇನ್ನೇನನ್ನೂ ಬಯಸಿದ್ದಿಲ್ಲ.

ಈ ಸೀಮೆಗೆ ಲೆಕ್ಕ ಬರೆಯುವ ಅಭ್ಯಾಸ ಹಳೆಯದೆಂದು ನೆನೆದರೆ ನನಗೆ ಖುಷಿ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಕಂದಾಯ ಗೊತ್ತುಮಾಡುವ ಮೊದಲು ಊರೂರಲ್ಲಿ ಹೊಲ ಆರಿಸಿ, 12 ವರ್ಷ ಸರ್ಕಾರದ ಲೆಕ್ಕದಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ್ದೆಷ್ಟು, ಖರ್ಚೆಷ್ಟು, ಬೆಳೆದದ್ದೆಷ್ಟು ಎಂದು ಬರೆಸಿದನಂತೆ. ಆಮೇಲೆಯೇ ಬೆಳೆಯ ಮೂರನೆಯ ಒಂದು ಪಾಲು ಅರಮನೆಗೆ ಎಂದು ನಿಗದಿಯಾದದ್ದು. ಶಿವಮೊಗ್ಗದಲ್ಲಿ ಅವನ ಹೆಸರಿನ ಅರಮನೆಯ ಮುಂದೆ ಹಾದುಹೋಗುವಾಗಲೆಲ್ಲ ಕತ್ತಿ ಹಿಡಿದ ರಾಜನಿಗಿಂತ, 12 ವರ್ಷ ಕಾದು ಲೆಕ್ಕ ನೋಡಿದ ಆ ಮನುಷ್ಯನ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ನಮ್ಮ ಮನೆಯಲ್ಲೂ ತಿಂಗಳ ಮೊದಲ ಭಾನುವಾರ ತಿಂಡಿ ಮುಗಿಸಿ ಎಲ್ಲರೂ ಲೆಕ್ಕ ನೋಡಲು ಕೂರುತ್ತೇವೆ. ಓದುವವಳು ಮಗಳು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ದಿನಕ್ಕೆ ಒಂದೂವರೆ ಲೀಟರಿನ ನಮ್ಮ ಮನೆಗೆ ತಿಂಗಳಿಗೆ 180 ರೂಪಾಯಿ ಹೆಚ್ಚು ಎಂದು ಅವಳೇ ಕೂಡಿ ಹೇಳಿದಳು. “ಹಾಲು ಕಡಿಮೆ ಮಾಡೋದು ಬೇಡಮ್ಮ, ಅಜ್ಜಿಗೆ ರಾತ್ರಿ ಬೇಕು. ಟ್ಯೂಷನ್‌ಗೆ ನಾನು ಸೈಕಲ್‌ನಲ್ಲಿ ಹೋಗ್ತೀನಿ” ಎಂದಳು. ಯಾರೂ ಅವಳನ್ನು ಕೇಳಿರಲಿಲ್ಲ. ಲೆಕ್ಕ ಕಂಡ ಮಗುವಿಗೆ ‘ದುಡ್ಡಿಲ್ಲ’ ಎಂದು ಗದರಬೇಕಾಗಿಯೇ ಬರುವುದಿಲ್ಲ.

ಅತ್ತೆಯವರಿಗೆ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬರತೊಡಗಿದ ಮೇಲೆ ಅವರು ಪುಸ್ತಕದಲ್ಲಿ ತಮ್ಮದೇ ಒಂದು ಕಾಲಂ ಹಾಕಿಸಿಕೊಂಡರು. ಜೀವಮಾನವಿಡೀ ಬೇರೆಯವರ ಖರ್ಚಿನಲ್ಲಿ ಸೇರಿಹೋಗಿದ್ದವರು! ಅದರಲ್ಲಿ ಮೊಮ್ಮಗಳ ಬಳೆ ಇದೆ, ದೇವಸ್ಥಾನದ ಎಣ್ಣೆ ಇದೆ, ಗಾಂಧಿ ಬಜಾರಿನಲ್ಲಿ ತಾವೇ ಆರಿಸಿ ತಂದ ಇಳಕಲ್ ಸೀರೆಯೂ ಇದೆ. ಅದನ್ನು ಓದುವಾಗ ಮಗಳು ದನಿ ಏರಿಸುತ್ತಾಳೆ, ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಾರೆ.

ಮಿತವಾಗಿ ಬದುಕುವವರು ಜಿಪುಣರೆಂದು ತಿಳಿದವರಿಗೆ ನಮ್ಮ ಮಾರ್ಚ್, ಏಪ್ರಿಲ್ ತಿಂಗಳ ಪುಟ ತೋರಿಸಬೇಕು. ಮಲೆನಾಡಿನ ಅಪ್ಪೆಮಿಡಿ ಅಗ್ಗದ್ದಲ್ಲ. ಆದರೆ ಒಳ್ಳೆ ಸೊನೆಯ, ಕಡಿದರೆ ಜೀರಿಗೆಯ ಪರಿಮಳ ಬಿಡುವ ಮಿಡಿ ಸಿಕ್ಕಿದರೆ ನಾವು ಚೌಕಾಸಿಗೆ ನಿಲ್ಲುವುದಿಲ್ಲ. ಮಿಡಿ, ಕಲ್ಲುಪ್ಪು, ಬ್ಯಾಡಗಿ ಮೆಣಸು, ಸಾಸಿವೆ ಸೇರಿ ಉಪ್ಪಿನಕಾಯಿಯ ಖರ್ಚು ಆ ತಿಂಗಳ ತರಕಾರಿ ಖರ್ಚನ್ನು ಮೀರಿಸುತ್ತದೆ. ವರ್ಷವಿಡೀ ಮೊಸರನ್ನಕ್ಕೆ ಆ ಉಪ್ಪಿನಕಾಯಿಯೊಂದೇ ಸಾಕು. ಹೋಟೆಲಿನ ಖಾನೆ ನಮ್ಮಲ್ಲಿ ಖಾಲಿ ಉಳಿಯುವುದಕ್ಕೆ ಕಾರಣವೂ ಅದೇ ಜಾಡಿ.

ತೆರೆದ ಲೆಕ್ಕದ ಬೆಲೆ ನನಗೆ ಗಟ್ಟಿಯಾಗಿ ತಿಳಿದದ್ದು ಕಷ್ಟಕಾಲದಲ್ಲಿ. 2015ರ ಕೊನೆಗೆ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತವು. ಅಪ್ಪ ಆಗಲೇ ನಿವೃತ್ತರು. ಕೆಲಸದಲ್ಲಿದ್ದವರ ಮನೆಗಳಲ್ಲಿ ದಿಕ್ಕು ತಪ್ಪಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದು, ಕಾರ್ಮಿಕರು ಹೋರಾಟಕ್ಕೆ ಕೂತರು. ಅದೇ ವರ್ಷ ಮತ್ತೆ ಕೆಲಸ ಶುರುವಾಯಿತು, ನಿಜ. ಆದರೆ ನಡುವಿನ ತಿಂಗಳುಗಳನ್ನು ದಾಟಬೇಕಿತ್ತಲ್ಲ. ಇಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿದ ಮನೆಗೆ ಅಕ್ಕಿ ಬಂತು, ಪುಸ್ತಕ ಬಂತು, ಹೊಲಿಗೆ ಕೆಲಸ ಬಂತು. ಇದೆ ಎಂದು ತೋರಿಸಿಕೊಂಡವರು ಬಡ್ಡಿಗೆ ಸಾಲ ತಂದರು. ಇದನ್ನು ಹೇಳುವಾಗ ನನಗೆ ಈಗಲೂ ಸಂಕಟವಾಗುತ್ತದೆ, ಏಕೆಂದರೆ ಅವರೂ ನಮ್ಮ ಜಗಲಿಯವರೇ.

ಈಗ ನಮ್ಮ ಬೀದಿಯ ಹೊಸ ಮದುವೆಯ ಹುಡುಗಿಯೊಬ್ಬಳು ಪುಸ್ತಕ ಕೇಳಿ ಒಯ್ದಿದ್ದಾಳೆ. “ಅಕ್ಕಾ, ಗ್ಯಾಸು ಎರಡು ತಿಂಗಳು ಹೇಗೆ ಬರುತ್ತೆ?” ಎಂದು ಮೊದಲ ಪ್ರಶ್ನೆ. ಬೇಳೆಯನ್ನು ರಾತ್ರಿಯೇ ನೆನೆಹಾಕುವುದನ್ನೂ, ಸ್ನಾನದ ನೀರಿಗೆ ಹಂಡೆ ಉರಿಸುವುದನ್ನೂ ಹೇಳಿಕೊಟ್ಟೆ. ಪುಸ್ತಕವನ್ನು ಭಾನುವಾರಕ್ಕೆ ತಂದುಕೊಡಲು ಹೇಳಿದ್ದೇನೆ. ಅಂದು ಭದ್ರಾವತಿಯಿಂದ ತಂಗಿ ತನ್ನ ಲೆಕ್ಕದೊಂದಿಗೆ ಬರುತ್ತಾಳೆ. ಅಮ್ಮನ ಕಣ್ಣಿನ ಆಪರೇಷನ್ನಿಗೆ ಯಾರ ಪಾಲು ಎಷ್ಟೆಂದು ಎರಡೂ ಪುಸ್ತಕ ಮುಂದಿಟ್ಟುಕೊಂಡು ನೋಡಬೇಕು.