ತೇಕ್ಕಡಿಯ ಕಾಡಿನಲ್ಲಿ ಎರಡು ದಿನ

ಕಳೆದ ದಸರೆಯ ರಜೆಯಲ್ಲಿ ನಾವು ಕುಟುಂಬ ಸಮೇತರಾಗಿ ಮಧುರೆಯ ಮಾರ್ಗವಾಗಿ ಕೇರಳದ ತೇಕ್ಕಡಿಗೆ ಹೋಗಿಬಂದೆವು. ಈ ಪ್ರವಾಸಕ್ಕೆ ಕಾಡು ನೋಡುವ ಆಸೆಗಿಂತ ಮನೆಯೊಳಗಿನ ಒಂದು ಚರ್ಚೆಯೇ ಹೆಚ್ಚು ಕಾರಣವೆನ್ನಬೇಕು. ಸಕಲೇಶಪುರದ ಕಡೆಯ ನಮ್ಮ ಕಾಫಿ ತೋಟದ ಅಂಚಿನಲ್ಲಿ, ಹೊಳೆಯ ಪಕ್ಕದಲ್ಲಿ, ಹನ್ನೆರಡು ಕೊಠಡಿಗಳ ವಸತಿಗೃಹವೊಂದನ್ನು ಕಟ್ಟಬೇಕೆಂದು ನಮ್ಮ ತಮ್ಮನ ಮಗ ವರ್ಷದಿಂದ ಹಟ ಹಿಡಿದಿದ್ದಾನೆ. ಹೆಸರಿಗೆ ಮಾತ್ರ ಅದು ಹೋಮ್‌ಸ್ಟೇ. ಆ ಜಾಗದಲ್ಲಿ ನಮ್ಮ ತಂದೆಯವರು ಒಂದು ಮರವನ್ನೂ ಕಡಿಯಗೊಟ್ಟವರಲ್ಲ. “ದೊಡ್ಡಪ್ಪ, ಹೊರಗಿನವರು ಬಂದು ಕಟ್ಟುವುದಕ್ಕಿಂತ ಮೊದಲು ನಾವೇ ಕಟ್ಟುವುದು ಮೇಲಲ್ಲವೇ?” ಎಂಬುದು ಅವನ ವಾದ. ಅದರಲ್ಲಿ ಹುರುಳಿಲ್ಲವೆಂದು ಹೇಳಲಾರೆವು. ಆದುದರಿಂದ ಅವನನ್ನೂ ಜೊತೆಯಲ್ಲಿ ಕರೆದುಕೊಂಡೇ ಹೊರಟೆವು.

ಮಧುರೆಯಿಂದ ತೇನಿ, ಕಂಬಂ ದಾಟುವಾಗ ರಸ್ತೆಯ ಎರಡೂ ಬದಿಗೆ ದ್ರಾಕ್ಷಿಯ ಚಪ್ಪರಗಳು. ಆ ಕಣಿವೆಗೆ ಹರಿಯುವ ನೀರು ಘಟ್ಟದ ಆಚೆಯ ಪೆರಿಯಾರ್ ನದಿಯದು. ಪಶ್ಚಿಮದ ಸಮುದ್ರ ಸೇರುತ್ತಿದ್ದ ಆ ನೀರನ್ನು ಬೆಟ್ಟದೊಳಗಿನ ಸುರಂಗದ ಮೂಲಕ ಪೂರ್ವಕ್ಕೆ ತಿರುಗಿಸಿದವರು ಪೆನ್ನಿಕ್ವಿಕ್ ಎಂಬ ಆಂಗ್ಲ ಎಂಜಿನಿಯರರು. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಪೂರ್ಣಗೊಂಡಾಗ ಹಿಂದೆ ನಿಂತ ನೀರೇ ಇಂದಿನ ತೇಕ್ಕಡಿಯ ಸರೋವರ. ಅಂದು ಮುಳುಗಿದ ಮರಗಳ ಬೋಳು ಬೊಡ್ಡೆಗಳು ಇಂದಿಗೂ ನೀರಿನ ನಡುವೆ ಕಪ್ಪಗೆ ನಿಂತಿವೆ. ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಬಿಸಿಲು ಕಾಯುತ್ತವೆ. ಮನುಷ್ಯನು ಮಾಡಿದ ಈ ಕೆರೆಯ ಸುತ್ತಲಿನ ಕಾಡು 1950ರಲ್ಲಿ ಪೆರಿಯಾರ್ ವನ್ಯಜೀವಿಧಾಮವಾಯಿತು, 1978ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು. ಈಗ ಅದರ ವಿಸ್ತಾರ 925 ಚದರ ಕಿಲೋಮೀಟರ್.

ಮೊದಲನೆಯ ದಿನ ಎಲ್ಲರಂತೆ ದೋಣಿ ಹತ್ತಿದೆವು. ನಿಜ ಹೇಳಬೇಕೆಂದರೆ ನಮಗೆ ಅದು ಹಿಡಿಸಲಿಲ್ಲ. ದಡದಲ್ಲಿ ಒಂದು ಆನೆ ಕಾಣಿಸಿದ್ದೇ ತಡ, ದೋಣಿಯ ಜನರೆಲ್ಲ ಒಂದೇ ಬದಿಗೆ ವಾಲಿ ಕೂಗತೊಡಗಿದರು. 2009ರ ಸೆಪ್ಟೆಂಬರ್ 30ರಂದು ಇದೇ ಸರೋವರದಲ್ಲಿ ದೋಣಿ ಮಗುಚಿ 45 ಮಂದಿ ಪ್ರವಾಸಿಗರು ಜಲಸಮಾಧಿಯಾದುದು ನೆನಪಾಗಿ, ನಮ್ಮ ಮನೆಯವರು ಮೊಮ್ಮಗಳ ಕೈಯನ್ನು ಇಳಿಯುವವರೆಗೂ ಬಿಡಲಿಲ್ಲ.

ಎರಡನೆಯ ದಿನದ್ದೇ ಬೇರೆಯ ಕಥೆ. ಬೆಳಗಾಗುತ್ತಲೇ ಕಾಲ್ನಡಿಗೆ, ಅನಂತರ ಬಿದಿರ ತೆಪ್ಪದ ಮೇಲೆ ಪಯಣ. ಹತ್ತು ಮಂದಿಗಿಂತ ಹೆಚ್ಚಿಗೆ ಸೇರಿಸಲಿಲ್ಲ. ಸ್ಥಳೀಯ ಮಾರ್ಗದರ್ಶಿಗಳು ಮುಂದೆ ಹಿಂದೆ, ಜೊತೆಗೆ ಬಂದೂಕು ಹಿಡಿದ ಒಬ್ಬ ಕಾವಲುಗಾರ. ಇಂಬಳ ಹತ್ತದಂತೆ ಮೊಣಕಾಲಿನವರೆಗೆ ಬಟ್ಟೆಯ ಚೀಲಗಳನ್ನು ಕಟ್ಟಿಕೊಟ್ಟರು. ಹೊಗೆಸೊಪ್ಪು ಸುಣ್ಣ ಹಚ್ಚಿಕೊಂಡು ಬೆಳೆದ ಮಲೆನಾಡಿನವರಾದ ನಮಗೆ ಆ ಉಪಚಾರ ಕಂಡು ನಗು ಬಂದರೂ ಬೇಡವೆನ್ನಲಿಲ್ಲ. ಕರಿಮುಸುವಗಳ ಕೂಗು, ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು, ನೀರುನಾಯಿಗಳ ಒಂದು ಹಿಂಡು. ತೆಪ್ಪದಲ್ಲಿ ಯಾರೂ ಮಾತನಾಡಲಿಲ್ಲ, ಹೇಳಿಸಿಕೊಳ್ಳಬೇಕಾಗಿಯೂ ಬರಲಿಲ್ಲ.

ಮಾರ್ಗದರ್ಶಿಗಳಲ್ಲಿ ಹಿರಿಯನಾದವನು ತಮಿಳು ಬಲ್ಲವನು. ಕೊಳ್ಳೇಗಾಲದ ಕಡೆಯಿಂದ ಬಂದ ನಮ್ಮ ಅತ್ತಿಗೆಯವರು ಅವನೊಡನೆ ಮಾತಿಗಿಳಿದರು. ಒಂದು ಮರದ ತೊಗಟೆಯನ್ನು ಉಗುರಿನಿಂದ ಕೆರೆದು ಮೂಸಿ ನೋಡೆಂದು ಕೊಟ್ಟ. ನಮ್ಮ ಅಡಿಗೆಮನೆಯ ಚಕ್ಕೆಯ ವಾಸನೆ! ಅಲ್ಲಿನವರು ಅದನ್ನು ವಯನ ಎನ್ನುತ್ತಾರೆ. ಒಂದು ಕಾಲದಲ್ಲಿ ಈ ತೊಗಟೆಯನ್ನು ಕದ್ದು ಸುಲಿದು ಮಾರಿ, ಅರಣ್ಯ ಸಿಬ್ಬಂದಿಗೆ ಹೆದರಿ, ಮೊಕದ್ದಮೆಗಳಿಗೆ ಅಲೆದು ಬದುಕುತ್ತಿದ್ದ 20ಕ್ಕೂ ಹೆಚ್ಚು ಮಂದಿ ಇಲ್ಲಿದ್ದರು. 1996ರಿಂದ 2004ರವರೆಗೆ ನಡೆದ ಪರಿಸರಾಭಿವೃದ್ಧಿ ಯೋಜನೆಯ ಕಾಲದಲ್ಲಿ ಇಲಾಖೆಯು ಅವರೊಡನೆ ಒಪ್ಪಂದ ಮಾಡಿಕೊಂಡಿತು. ಕಾಡಿನ ಕಳ್ಳದಾರಿಗಳನ್ನೆಲ್ಲ ಬಲ್ಲ ಅವರೇ ಪ್ರವಾಸಿಗರಿಗೆ ದಾರಿ ತೋರುವವರಾದರು, ಇತರ ಕಳ್ಳರನ್ನು ಹಿಡಿದುಕೊಡುವವರೂ ಆದರು. ಮನ್ನಾನ್, ಪಳಿಯ ಮುಂತಾದ ಗಿರಿಜನರೂ ಇಂತಹ ಕೆಲಸಗಳಲ್ಲಿದ್ದಾರೆ. ‘ವಸಂತಸೇನೆ’ ಎಂಬ ಹೆಣ್ಣುಮಕ್ಕಳ ಗುಂಪೊಂದು 2002ರಿಂದ ಸರದಿಯಂತೆ ಸಂಬಳವಿಲ್ಲದೆ ಕಾಡು ಕಾಯುತ್ತಿದೆಯೆಂದು ಕೇಳಿ ನಮ್ಮ ಮನೆಯವರು, “ಸಂಬಳವಿಲ್ಲದ ಕೆಲಸ ಯಾವಾಗಲೂ ಹೆಂಗಸರ ಪಾಲಿಗೇ ಬರುತ್ತದೆ” ಎಂದರು. ನಾವು ಸುಮ್ಮನಿದ್ದೆವು.

ಪ್ರವೇಶ ಶುಲ್ಕದೊಡನೆ ಪಡೆಯುವ ಸಣ್ಣ ಮೊತ್ತವೊಂದು 2004ರಲ್ಲಿ ಸ್ಥಾಪಿತವಾದ ಪೆರಿಯಾರ್ ಫೌಂಡೇಶನ್ನಿಗೆ ಸಲ್ಲುತ್ತದೆ. ಯೋಜನೆ ಮುಗಿದು ಹೊರಗಿನ ಹಣ ನಿಂತ ಮೇಲೂ ಕೆಲಸ ನಿಲ್ಲದಿರಲು ಇದೇ ಆಧಾರ. ಆ ಯೋಜನೆಗೆ ದೇಶದಲ್ಲಿ ಆರಿಸಿದ ಏಳು ಕಾಡುಗಳಲ್ಲಿ ನಮ್ಮ ನಾಗರಹೊಳೆಯೂ ಒಂದಾಗಿತ್ತು. ಅಲ್ಲಿ ಆದಿವಾಸಿಗಳು ಅದನ್ನು ವಿರೋಧಿಸಿದರು. ಅದೇ ಕಾಲದಲ್ಲಿ ಕಾಡಿನೊಳಗೆ ಹೋಟೆಲು ಕಂಪನಿಯೊಂದಕ್ಕೆ ಕೊಟ್ಟ ಗುತ್ತಿಗೆಯನ್ನು 1997ರಲ್ಲಿ ಉಚ್ಚ ನ್ಯಾಯಾಲಯವು ಕಾನೂನುಬಾಹಿರವೆಂದಿತು. ಒಂದೇ ಯೋಜನೆ ಒಂದೆಡೆ ಬೇರೂರಿತು, ಇನ್ನೊಂದೆಡೆ ಒಣಗಿತು. ಕಾಡನ್ನು ಬಲ್ಲವರನ್ನು ಮೊದಲು ಕೇಳಿದರೇ, ಕೊನೆಗೆ ಕೇಳಿದರೇ ಎಂಬುದರಲ್ಲಿ ಗುಟ್ಟಿರಬಹುದೆಂದು ನಮಗೆ ತೋರುತ್ತದೆ.

ಹಾಗೆಂದು ತೇಕ್ಕಡಿಯಲ್ಲಿ ಎಲ್ಲವೂ ಸರಿಯಿದೆಯೆಂದು ಓದುಗರು ಭಾವಿಸಬಾರದು. ಕಾಡಿನ ಬಾಗಿಲಿನ ಕುಮಿಳಿ ಪೇಟೆಯ ತುಂಬ ವಸತಿಗೃಹಗಳು. ಇದೇ ರಕ್ಷಿತಾರಣ್ಯದೊಳಗೆ ಶಬರಿಮಲೆಯೂ ಇದೆ. ನಮ್ಮ ನಾಡಿನಿಂದಲೂ ಪ್ರತಿವರ್ಷ ಅಸಂಖ್ಯ ಭಕ್ತರು ಹೋಗುತ್ತಾರೆ. ಪಂಪೆಯಲ್ಲಿ ಮಿಂದು ಬಟ್ಟೆಯನ್ನು ನೀರಿಗೇ ಬಿಟ್ಟು ಬರುವ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ಭಕ್ತಿಯಿಂದ ಹೋದವನ ಕಸವೂ ಕಾಡಿಗೆ ಕಸವೇ.

ಹಿಂದಿರುಗುವಾಗ ರೈಲಿನಲ್ಲಿ ನಮ್ಮ ತಮ್ಮನ ಮಗ ತನ್ನ ನಕ್ಷೆಯನ್ನು ಹೊರತೆಗೆದು ಬಹಳ ಹೊತ್ತು ನೋಡಿದ. ಹನ್ನೆರಡನ್ನು ಹೊಡೆದು ನಾಲ್ಕು ಎಂದು ಬರೆದ. ಹೊಳೆಯ ಬದಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ, ನಾವೂ ಒಪ್ಪಲಿಲ್ಲ. ಅರಸೀಕೆರೆ ಸಮೀಪಿಸುತ್ತಿದ್ದಾಗ ಇದ್ದಕ್ಕಿದ್ದಂತೆ, “ದೊಡ್ಡಪ್ಪ, ನಮ್ಮ ಲೈನಿನಲ್ಲಿ ಜೇನು ಕೀಳಲು ಹೋಗುತ್ತಾನಲ್ಲ, ಅವನಿಗೆ ಕಾಡಿನ ದಾರಿಯೆಲ್ಲ ಗೊತ್ತಲ್ಲವೇ?” ಎಂದು ಕೇಳಿದ.

“ಗೊತ್ತು. ಆದರೆ ಅವನಿಗೆ ಇಷ್ಟವಿದೆಯೋ ಇಲ್ಲವೋ ಅವನನ್ನೇ ಕೇಳಬೇಕು” ಎಂದೆವು.

ಹಿಂಗಾರು ನಿಂತ ಮೇಲೆ ಕೇಳುವುದೆಂದು ತೀರ್ಮಾನವಾಗಿದೆ.