ನಮ್ಮ ಪದ್ಮಿನಿಯ ಮುನಿಸು

ಹೋಳಿಗೆ, ಹಪ್ಪಳದ ಪಕ್ಕದಲ್ಲಿ ಕಾರ್ಬುರೇಟರಿನ ಮಾತು ಬಂದರೆ ನೀವು ಪುಟ ಮಗುಚಿಬಿಡುತ್ತೀರಿ ಅಂತ ನನಗೆ ಗೊತ್ತು. ಸ್ವಲ್ಪ ತಾಳಿ. ಹಾಲು ಉಕ್ಕುವ ಮೊದಲೇ ವಾಸನೆ ಹಿಡಿದು ಎದ್ದು ಓಡುವವರು ನಾವು. ಕುಕ್ಕರಿನ ಸದ್ದು ಬದಲಾಯಿತೆಂದರೆ ನಡುಮನೆಯಲ್ಲಿ ಕೂತೇ ಗ್ಯಾಸ್ಕೆಟ್ ಹೋಗಿದೆ ಎನ್ನುವವರು. ಹೀಗಿರುವಾಗ ಹಳೇ ಕಾರು ಯಾಕೆ ನಿಲ್ಲುತ್ತದೆ, ಯಾಕೆ ಕಾಯುತ್ತದೆ ಎಂದು ತಿಳಿದುಕೊಳ್ಳುವುದು ನಮಗೇನೂ ದೊಡ್ಡ ವಿದ್ಯೆಯಲ್ಲ. ಬಾನೆಟ್ ಎತ್ತಿದಾಗ "ನೀನು ಒಳಗೆ ಕೂತ್ಕೋಮ್ಮ" ಎನ್ನುವವರೇ ಹೆಚ್ಚು, ಅಷ್ಟೆ.

ನಮ್ಮ ಮನೆಯಲ್ಲಿರುವುದು ಪ್ರೀಮಿಯರ್ ಪದ್ಮಿನಿ. 1986ರಲ್ಲಿ ಮಾವನವರು ಕೊಂಡದ್ದು. ಇಟಲಿಯ ಫಿಯಟ್ 1100 ಕಾರನ್ನೇ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿದ್ದರು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ರಾಣಿಯ ಹೆಸರು ಬಂತು. 1089 ಸಿ.ಸಿ. ಎಂಜಿನ್, ನಾಲ್ಕು ಸಿಲಿಂಡರ್, ಗೇರು ಸ್ಟಿಯರಿಂಗ್ ಪಕ್ಕದಲ್ಲೇ. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳನ್ನು ಸಿನಿಮಾದಲ್ಲಾದರೂ ನೋಡಿರುತ್ತೀರಲ್ಲ, ಅದೇ ಗಾಡಿ. ಅಲ್ಲಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು.

ನಮ್ಮದನ್ನು ಇಳಿಸುವ ಹಾಗಿರಲಿಲ್ಲ. ಅತ್ತೆಯವರಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹಾಸನಕ್ಕೆ ಹೋಗಬೇಕು. ನಮ್ಮೂರಿಂದ ನಲವತ್ತು ಕಿಲೋಮೀಟರಿನ ಮೇಲೆ. ಬಸ್ಸಿನ ಮೆಟ್ಟಿಲು ಅವರಿಗೆ ಹತ್ತಲಾಗದು. ಬಾಡಿಗೆ ಕಾರಿಗೆ ತಿಂಗಳಿಗೆ ಎಂಟು ಸಲ ದುಡ್ಡು ತೆತ್ತರೆ ಔಷಧಿಗೆ ಉಳಿಯುವುದಿಲ್ಲ. ನಮ್ಮವರು ಶಾಲಾ ಮೇಷ್ಟ್ರು, ವಾರದ ನಡುವೆ ರಜ ಸಿಗದು. ಹಾಗಾಗಿ ಓಡಿಸುವವಳು ನಾನೇ. ಕಲಿಸಿದವರು ಮಾವನವರು, ಅವರಿಗೆ ಪುಣ್ಯ ಬರಲಿ.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಪದ್ಮಿನಿ ಮುನಿಸಿಕೊಂಡಳು. ಹೊರಟು ಹದಿನೈದು ಇಪ್ಪತ್ತು ಕಿಲೋಮೀಟರು ಆಗುತ್ತಲೇ ಎಳೆಯುವ ಶಕ್ತಿ ಇಲ್ಲದೆ ಗೊಗ್ಗರಿಸುವುದು, ಎರಡು ಸಲ ಮಿಸ್ ಹೊಡೆಯುವುದು, ಆಮೇಲೆ ನಿಂತೇಬಿಡುವುದು. ಜೊತೆಗೆ ರೇಡಿಯೇಟರಿನಿಂದ ಹಬೆ. ಕಾವು ತೋರಿಸುವ ಮುಳ್ಳು ಕೆಟ್ಟು ಎಷ್ಟೋ ಕಾಲವಾಗಿತ್ತು. ಆ ಕೆಲಸವನ್ನು ಅತ್ತೆಯವರ ಮೂಗು ಮಾಡುತ್ತಿತ್ತು. "ನೋಡಮ್ಮ, ತಳ ಹತ್ತಿದ ವಾಸನೆ" ಎಂದರೆ ಗಾಡಿ ನಿಲ್ಲಿಸಬೇಕು ಅಂತ ಅರ್ಥ.

ಡಯಾಲಿಸಿಸ್ ಇರುವವರು ನೀರನ್ನು ಅಳೆದು ಕುಡಿಯಬೇಕು ಎಂಬುದು ನಿಮಗೆ ಗೊತ್ತಿರಬಹುದು. ಏಪ್ರಿಲ್ ಬಿಸಿಲಿನಲ್ಲಿ ಹುಣಸೆ ಮರದ ಕೆಳಗೆ ಕೂತು ಅವರು ನನ್ನನ್ನು ನೋಡುತ್ತಿದ್ದರು. ನಾನು ಕ್ಯಾನಿನಿಂದ ಕಾರಿಗೆ ನೀರು ಹೊಯ್ಯುತ್ತಿದ್ದೆ. "ಅವಳಿಗೆ ಕೊಡಗಟ್ಟಲೆ, ನನಗೆ ಅರ್ಧ ಲೋಟ" ಅಂತ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ ಕಣ್ರೀ. ಹೇಳಿದ ಹೊತ್ತಿಗೆ ಮುಟ್ಟದಿದ್ದರೆ ಯಂತ್ರಕ್ಕೆ ಮುಂದಿನವರನ್ನು ಹಾಕಿಬಿಡುತ್ತಾರೆ. ನಾವು ಸಂಜೆಯವರೆಗೆ ಕಾಯಬೇಕು. ಒಂದು ಸಲ ಹಾಗೆ ಕಾದು ಅವರ ಕಾಲು ಊದಿ ಚಪ್ಪಲಿಯೊಳಗೆ ಹೋಗಲಿಲ್ಲ.

ಒಬ್ಬ ಮೆಕ್ಯಾನಿಕ್ ನೋಡಿ, "ಎಂಜಿನ್ ಬಿಚ್ಚಬೇಕಕ್ಕ, ನಲವತ್ತು ಸಾವಿರ ಆಗುತ್ತೆ, ಇಲ್ಲದಿದ್ದರೆ ಗುಜರಿಗೆ ಹಾಕಿ" ಅಂದರು. ಗುಜರಿಯವನ ಫೋನ್ ನಂಬರನ್ನೂ ಅವರೇ ಕೊಟ್ಟರು. ನಮ್ಮವರು ಅರ್ಧ ಒಪ್ಪಿಬಿಟ್ಟಿದ್ದರು.

ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನಾನು ಬರೆಯತೊಡಗಿದೆ. ಎಷ್ಟು ಗಂಟೆಗೆ ಹೊರಟೆವು, ಎಲ್ಲಿ ನಿಂತಿತು, ಎಷ್ಟು ಹೊತ್ತಿಗೆ ಮತ್ತೆ ಸ್ಟಾರ್ಟ್ ಆಯಿತು, ಹಬೆ ಮೊದಲೋ ನಿಂತದ್ದು ಮೊದಲೋ. ಮಗುವಿಗೆ ಜ್ವರ ಬಂದಾಗ ಡಾಕ್ಟರರ ಹತ್ತಿರ ಹೋಗುವ ಮುಂಚೆ ಬರೆದಿಟ್ಟುಕೊಳ್ಳುವುದಿಲ್ಲವೇ, ಹಾಗೆ.

ಬರೆಯುತ್ತ ಬರೆಯುತ್ತ ನನಗೆ ಅನ್ನಿಸಿದ್ದು, ಇದು ಒಂದು ರೋಗವಲ್ಲ, ಎರಡು. ಕೆಲವು ದಿನ ಹಬೆಯೇ ಇಲ್ಲದೆ ನಿಲ್ಲುತ್ತಿತ್ತು. ಕೆಲವು ದಿನ ಹಬೆ ಬಂದರೂ ಎಂಜಿನ್ ಓಡುತ್ತಲೇ ಇತ್ತು. ಎರಡನ್ನೂ ಸೇರಿಸಿ ಒಂದೇ ಹೆಸರಿಟ್ಟದ್ದರಿಂದಲೇ ನಲವತ್ತು ಸಾವಿರದ ಮಾತು ಬಂದಿತ್ತು.

ನಿಲ್ಲುವುದರಲ್ಲೂ ಬಗೆಗಳಿವೆ. ಬೆಳಿಗ್ಗೆ ತಣ್ಣಗಿರುವಾಗ ನಿಂತರೆ ಚೋಕ್ ನೋಡಬೇಕು. ಸ್ವಿಚ್ ಆರಿಸಿದ ಹಾಗೆ ಫಕ್ಕನೆ ನಿಂತರೆ ಅದು ಕರೆಂಟಿನ ದೋಷ: ಕಾಯಿಲ್, ಕಂಡೆನ್ಸರ್, ಪಾಯಿಂಟು. ಕಾಯಿಲ್ ಮತ್ತು ಕಂಡೆನ್ಸರ್‌ಗೆ ಕಾದಾಗ ಕೈಕೊಟ್ಟು ತಣ್ಣಗಾದಾಗ ಸರಿಹೋಗುವ ಬುದ್ಧಿಯೂ ಉಂಟು. ಉಸಿರು ಸಿಕ್ಕಿಕೊಂಡವರ ಹಾಗೆ ಎಳೆದೆಳೆದು ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ. ನಮ್ಮದು ಈ ಕೊನೆಯ ಬಗೆ.

ಬೇಸಿಗೆಯಲ್ಲಿ ಪೆಟ್ರೋಲ್ ಸಾಲದಿರುವುದಕ್ಕೆ ಎಲ್ಲರೂ ಮೊದಲು ಹೇಳುವ ಕಾರಣ ಏರ್ ಲಾಕ್. ಎ.ಸಿ. ಪಂಪ್ ಅಂತ ಒಂದಿರುತ್ತದೆ. ತಣ್ಣನೆ ಗಾಳಿಯ ಎ.ಸಿ.ಗೂ ಅದಕ್ಕೂ ಸಂಬಂಧವಿಲ್ಲ, ನಮ್ಮ ಗಾಡಿಯಲ್ಲಿ ಆ ಭಾಗ್ಯವೇ ಇಲ್ಲ. ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ ಕಾರ್ಬುರೇಟರಿಗೆ ಕಳಿಸುವ ಪಂಪು ಅದು. ಎಂಜಿನ್ನಿನ ಮೈಗೇ ಅಂಟಿಕೊಂಡಿರುವುದರಿಂದ ಕಾವಿಗೆ ಪೆಟ್ರೋಲ್ ಅಲ್ಲೇ ಆವಿಯಾಗುತ್ತದೆ. ಪಂಪಿಗೆ ಆವಿಯನ್ನು ತಳ್ಳಲು ಬಾರದು. ಇದಕ್ಕೆ ಲಾರಿಯವರೆಲ್ಲ ಹೇಳುವ ಮದ್ದು ಒದ್ದೆ ಬಟ್ಟೆ: ಹತ್ತಿಯ ಬಟ್ಟೆಯನ್ನು ನೆನೆಸಿ ಪಂಪಿನ ಮೇಲೆ ಹಾಕಿ ಹದಿನೈದು ನಿಮಿಷ ಕಾಯುವುದು. ಮಡಕೆಯ ನೀರು ತಣ್ಣಗಾಗುವ ನ್ಯಾಯವೇ ಇಲ್ಲಿಯೂ. ಬಟ್ಟೆ ಫ್ಯಾನಿಗೆ ಸಿಕ್ಕದಂತೆ, ಕರೆಂಟಿನ ತಂತಿಗಳ ಮೇಲೆ ನೀರು ಸುರಿಯದಂತೆ ನೋಡಿಕೊಳ್ಳಬೇಕು.

ನಾನೂ ಬಟ್ಟೆ ಹಾಕುತ್ತಿದ್ದೆ, ಅರ್ಧ ಗಂಟೆಗೆ ಗಾಡಿ ಹೊರಡುತ್ತಿತ್ತು. ಆದರೆ ಪುಸ್ತಕ ಬೇರೆಯೇ ಹೇಳಿತು. ಬಟ್ಟೆ ಹಾಕಿದರೂ ಅರ್ಧ ಗಂಟೆ, ಹಾಕದಿದ್ದರೂ ಅರ್ಧ ಗಂಟೆ! ಇನ್ನೊಂದು ವಿಚಿತ್ರ: ಊರ ಹೊರಗಿನ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ ದಿನ ಗಾಡಿ ಇನ್ನೂ ದೂರ ಹೋಗಿ ನಿಲ್ಲುತ್ತಿತ್ತು. ಅಂದರೆ ಮನೆ ಬಿಟ್ಟ ಲೆಕ್ಕವಲ್ಲ, ಟ್ಯಾಂಕಿನ ಮುಚ್ಚಳ ತೆಗೆದಲ್ಲಿಂದ ಲೆಕ್ಕ.

ಈ ಯೋಚನೆ ಬಂದದ್ದು ಎಣ್ಣೆ ಡಬ್ಬ ತೂತು ಮಾಡುವಾಗ. ನಾವು ಎರಡು ತೂತು ಮಾಡುತ್ತೇವೆ ತಾನೇ? ಒಂದೇ ತೂತಾದರೆ ಎಣ್ಣೆ ಗುಳುಗುಳು ಎಂದು ತಡೆತಡೆದು ಬೀಳುತ್ತದೆ. ಎಣ್ಣೆ ಹೊರಗೆ ಬರಬೇಕಾದರೆ ಗಾಳಿ ಒಳಗೆ ಹೋಗಬೇಕು. ಕಾರಿನ ಟ್ಯಾಂಕಿಗೂ ಗಾಳಿ ಹೋಗಲು ಒಂದು ಸಣ್ಣ ದಾರಿ ಬೇಕು, ಹಳೇ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ ಮುಚ್ಚಳದಲ್ಲೇ ಇರುತ್ತದೆ. ಮುಂದಿನ ಸಲ ನಿಂತಾಗ ಬಾನೆಟ್ ಬಿಟ್ಟು ನಾನು ಟ್ಯಾಂಕಿನ ಹತ್ತಿರ ಹೋದೆ. ಮುಚ್ಚಳ ತಿರುಗಿಸಿದರೆ ಸುಸ್ ಎಂದು ಗಾಳಿ ಒಳಗೆ ಎಳೆದುಕೊಂಡಿತು. ಮುಚ್ಚಳದ ಕೆಳಗೆ ಹಾಲಿನ ಪ್ಲಾಸ್ಟಿಕ್ ಕವರು, ಅಚ್ಚುಕಟ್ಟಾಗಿ ನಾಲ್ಕು ಮಡಿಕೆ! ತೆಗೆದು ಬಿಸಾಕಿ ಕೀ ತಿರುಗಿಸಿದೆ. ಸ್ವಲ್ಪ ಹೊತ್ತು ಕೊಸರಾಡಿ ಗಾಡಿ ಹೊರಟಿತು. ಅತ್ತೆ ಅಂದು ಒಂಬತ್ತು ಗಂಟೆಗೆ ಯಂತ್ರದ ಮುಂದೆ ಮಲಗಿದ್ದರು.

ಕವರು ಇಟ್ಟವರು ನಮ್ಮವರು. ಮುಚ್ಚಳ ಸಡಿಲವಾಗಿ ಪೆಟ್ರೋಲ್ ವಾಸನೆ ಬರುತ್ತಿತ್ತಂತೆ, ದುಡ್ಡು ಆವಿಯಾಗಿ ಹೋಗಬಾರದು ಅಂತ ಮಾಡಿದ್ದಂತೆ. ಹೊಸ ಮುಚ್ಚಳಕ್ಕೆ ಮುನ್ನೂರು ರೂಪಾಯಿ ಆಯಿತು. ಆ ವಿಷಯವನ್ನು ನಾನು ಮನೆಯಲ್ಲಿ ಎತ್ತುವುದಿಲ್ಲ, ತೀರಾ ಬೇಕಾದಾಗ ಮಾತ್ರ ಎತ್ತುತ್ತೇನೆ.

ಇನ್ನು ಕಾವಿನ ಕಥೆ. ಇಲ್ಲಿಯೂ ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ದಾರಿ ಸಾಗುತ್ತದೆ. ಸಂತೆ ಬೀದಿಯಲ್ಲಿ ನಿಧಾನ ಹೋಗುವಾಗ ಕಾಯುತ್ತದೆಯೋ, ದೊಡ್ಡ ರಸ್ತೆಯಲ್ಲಿ ಓಡುವಾಗ ಕಾಯುತ್ತದೆಯೋ? ನಿಧಾನದಲ್ಲಿ ಮಾತ್ರ ಕಾದರೆ ಗಾಳಿ ಸಾಲದು, ಫ್ಯಾನ್ ಬೆಲ್ಟ್ ಸಡಿಲವಾಗಿರಬಹುದು. ಫ್ಯಾನನ್ನೂ ವಾಟರ್ ಪಂಪನ್ನೂ ತಿರುಗಿಸುವುದು ಅದೇ ಬೆಲ್ಟು. ಎಂಜಿನ್ ಆಫ್ ಮಾಡಿ ಹೆಬ್ಬೆರಳಿಂದ ಒತ್ತಿದರೆ ಅರ್ಧ ಇಂಚಿನಷ್ಟು ಬಗ್ಗಬೇಕು, ಜೋಲಬಾರದು. ಓಡುವಾಗಲೂ ಕಾದರೆ ನೀರು ಕಡಿಮೆ, ಇಲ್ಲವೇ ರೇಡಿಯೇಟರಿನ ಒಳಗೆ ಕಟ್ಟಿಕೊಂಡಿದೆ.

ನಮ್ಮದು ಓಡುವಾಗ ಕಾಯುತ್ತಿತ್ತು. ಕಾರಣ ಹುಡುಕಲು ಬಚ್ಚಲಮನೆಗೆ ಹೋದರೆ ಸಾಕು. ನಮ್ಮೂರಿನ ಬೋರಿನ ನೀರು ಕಾಯಿಸುವ ಹಂಡೆಯನ್ನು ನೋಡಿ, ಬೆರಳು ದಪ್ಪ ಬಿಳೀ ಹಕ್ಕಳೆ. ಅದೇ ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಹೊಯ್ದರೆ ಅದರ ಸಣ್ಣ ಕೊಳವೆಗಳು ಉಳಿದಾವೆಯೇ? ಹಾಸನದ ರೇಡಿಯೇಟರ್ ರಿಪೇರಿಯವರು ಮೇಲಿನ ಭಾಗ ಬಿಚ್ಚಿ ಒಂದೊಂದೇ ಕೊಳವೆಗೆ ಕಡ್ಡಿ ಹಾಕಿ ಕೆರೆದರು. ಹೊರಬಿದ್ದ ಸುಣ್ಣವನ್ನು ಕಾಗದದಲ್ಲಿ ಕಟ್ಟಿ ತಂದು ನಮ್ಮವರಿಗೆ ತೋರಿಸಿದೆ. ಅಂದಿನಿಂದ ಅಂಗಡಿಯ ಕೂಲೆಂಟು ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಅರ್ಧ. ಬೋರಿನ ನೀರು ದಾರಿಯ ಆಪತ್ತಿಗೆ ಮಾತ್ರ. ಅದನ್ನು ಹಾಕಬೇಕಾಗಿ ಬಂದರೆ ಆಮೇಲೆ ಖಾಲಿ ಮಾಡಿಸಿ ಬೇರೆ ತುಂಬಿಸುತ್ತೇನೆ.

ರೇಡಿಯೇಟರಿನ ಮುಚ್ಚಳದ ಬಗ್ಗೆ ಮಾತ್ರ ನೀವು ಬೇಸರಿಸಿಕೊಂಡರೂ ಎರಡು ಸಲ ಹೇಳುತ್ತೇನೆ. ಅದು ಕುಕ್ಕರಿನ ಮುಚ್ಚಳವಿದ್ದಂತೆ. ಕುಕ್ಕರಿನಷ್ಟಲ್ಲದಿದ್ದರೂ ಒಳಗೆ ಒತ್ತಡ ಇರುತ್ತದೆ, ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ತೆರೆದ ಕೂಡಲೇ ಒಟ್ಟಿಗೆ ಕುದಿದು ಮುಖಕ್ಕೆ ಹಾರುತ್ತದೆ. ನಮ್ಮ ಬೀದಿಯ ಒಬ್ಬ ಹುಡುಗ ಹೀಗೆ ತೆರೆದು ಮೊಣಕೈವರೆಗೆ ಸುಟ್ಟುಕೊಂಡ. ಹಬೆ ಕಂಡರೆ ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿ. ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಕಾಯಿರಿ. ಮುಟ್ಟಿದರೆ ಬಿಸಿ ಹತ್ತದ ಮೇಲೆ ದಪ್ಪ ಬಟ್ಟೆ ಹಾಕಿ, ಮುಖ ದೂರವಿಟ್ಟು, ಮುಚ್ಚಳವನ್ನು ಸ್ವಲ್ಪವೇ ತಿರುಗಿಸಿ ಒತ್ತಡ ಹೋಗಲು ಬಿಡಿ. ಬಿಸಿಯಿರುವಾಗ ಮುಚ್ಚಳ ತೆಗೆಯಬೇಡಿ. ಇದು ಎರಡನೆಯ ಸಲ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ನೀರನ್ನು ನಿಧಾನವಾಗಿ ಹೊಯ್ಯಿರಿ. ಕಾದ ಎಂಜಿನ್ನಿಗೆ ಒಮ್ಮೆಲೇ ತಣ್ಣೀರು ಸುರಿದರೆ, ಕಾದ ಗಾಜಿನ ಲೋಟಕ್ಕೆ ಸುರಿದ ಹಾಗೆ, ಎಂಜಿನ್ ಸೀಳಬಹುದು. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟು, ಶಾಯಿ ಹಚ್ಚಬೇಡಿ, ಆಸ್ಪತ್ರೆಗೆ ಹೋಗಿ.

ಒಂದು ಲಕ್ಷಣ ಕಂಡರೆ ಮಾತ್ರ ಎಂಜಿನ್ ಬಿಚ್ಚುವವರ ಮಾತು ಕೇಳಬೇಕು. ಆಯಿಲ್ ನೋಡುವ ಕಡ್ಡಿಯನ್ನು ಎಳೆದಾಗ ಆಯಿಲ್ ಕಡೆದ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ, ಜೊತೆಗೆ ಸೈಲೆನ್ಸರಿನಿಂದ ಎಡೆಬಿಡದೆ ಬಿಳೀ ಹೊಗೆ ಬರುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಗೆ ಇಳಿದಿರಬಹುದು. ಅಂಥ ಗಾಡಿ ಓಡಿಸಬೇಡಿ. ನಮ್ಮದರಲ್ಲಿ ಅದಿರಲಿಲ್ಲ. ಇದ್ದಿದ್ದರೆ ಮೆಕ್ಯಾನಿಕ್ ಹೇಳಿದ್ದೇ ಸರಿಯಾಗುತ್ತಿತ್ತು.

ಇತ್ತೀಚಿನ ಹೊಸ ಚಿಂತೆ ಪೆಟ್ರೋಲಿನದೇ. 2025ರ ಹೊತ್ತಿಗೆ ನಮ್ಮ ದೇಶದ ಬಂಕುಗಳ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆಸುವ ಹಂತಕ್ಕೆ ಬಂದಿತು. ಹಳೇ ಕಾರುಗಳ ರಬ್ಬರ್ ಪೈಪು, ವಾಷರುಗಳು ಅದಕ್ಕೆಂದು ಮಾಡಿದವಲ್ಲ, ಮೆತ್ತಗಾಗುತ್ತವೆ, ಬಿರಿಯುತ್ತವೆ. ಕಾದ ಎಂಜಿನ್ನಿನ ಪಕ್ಕ ಪೆಟ್ರೋಲ್ ಜಿನುಗುವುದು ಎಂಥ ಅಪಾಯ ಅಂತ ಗ್ಯಾಸ್ ಟ್ಯೂಬಿನ ವಿಷಯ ಗೊತ್ತಿರುವ ನಿಮಗೆ ಹೇಳಬೇಕಾಗಿಲ್ಲ. ನಾನು ಎಥನಾಲ್ ತಡೆಯುವ ಪೈಪುಗಳನ್ನು ಕೇಳಿ ಹಾಕಿಸಿದ್ದೇನೆ. ಎಥನಾಲ್ ನೀರನ್ನೂ ಹೀರುವುದರಿಂದ ಪೆಟ್ರೋಲನ್ನು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಕೂರಿಸುವುದಿಲ್ಲ. ವಾರಕ್ಕೆ ಎರಡು ಸಲ ಹಾಸನಕ್ಕೆ ಹೋಗುವವರಿಗೆ ಕೂರಿಸುವ ಪ್ರಶ್ನೆಯೂ ಇಲ್ಲ.

ಡಿಕ್ಕಿಯಲ್ಲಿ ಈಗ ಎರಡು ಕ್ಯಾನು ನೀರು, ಒಂದು ಹಳೇ ಪಂಚೆ, ಒಂದು ಫ್ಯಾನ್ ಬೆಲ್ಟು, ಒಂದು ಕಂಡೆನ್ಸರು ಇರುತ್ತವೆ. ಹಾಲಿನ ಪುಸ್ತಕ ಅತ್ತೆಯವರ ಕೈಗೆ ಹೋಗಿದೆ. ಎಡಗಡೆ ಹಾಳೆಯಲ್ಲಿ ಕಾರಿಗೆ ಎಷ್ಟು ನೀರು ಹಿಡಿಯಿತು ಅಂತ, ಬಲಗಡೆ ಡಯಾಲಿಸಿಸ್‌ಗೆ ಮುಂಚೆ ತಮ್ಮ ತೂಕ ಎಷ್ಟು, ಆಮೇಲೆ ಎಷ್ಟು ಅಂತ ಬರೆಯುತ್ತಾರೆ. ಕಳೆದ ಮಂಗಳವಾರ ಎಡಗಡೆ ಸೊನ್ನೆ ಇತ್ತು.